ಕಂಪ್ಯೂಟರ್‌ನೊಳಗಿನ ಡಿಕ್ಕಿ ಖರೇನಾ? ಕೇರಂ ಬೋರ್ಡ್ ಮೇಲೆ ಒಂದು ಪರೀಕ್ಷೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಎದುರು ಮನೆಯ ಕಾಕಾ ಹುಬ್ಬಳ್ಳಿ ಕಡೆಯವರು. ಹಳೇ ಕಾರು ಕೊಟ್ಟು ಹೊಸದು ತಗೋಬೇಕು ಅಂತ ಎರಡು ತಿಂಗಳಿಂದ ಬ್ರೋಷರ್ ಗುಡ್ಡೆ ಹಾಕಿಕೊಂಡು ಕೂತಿದ್ದಾರೆ. ಮೊದಲು ಮೈಲೇಜ್ ಕೇಳುತ್ತಿದ್ದವರು ಈಗ ಸ್ಟಾರ್ ಕೇಳುತ್ತಾರೆ. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಬಹಳ ಮನೆಗಳಲ್ಲಿ ಇದೇ ಮಾತು. ಎಷ್ಟು ಸ್ಟಾರ್, ಯಾರು ಕೊಟ್ಟರು, ಹೇಗೆ ಕೊಟ್ಟರು.

ಅವರ ಮಗಳು ಹಿಂಜವಡಿಯಲ್ಲಿ ಕೆಲಸ ಮಾಡುತ್ತಾಳೆ. ಕಾರುಗಳನ್ನು ಕಂಪ್ಯೂಟರ್‌ನಲ್ಲಿ ಗುದ್ದಿಸುವ ಟೀಮ್ ಅವಳದು. ಶನಿವಾರ ಸಂಜೆ ಕೇರಂಗೆ ಕೂತಾಗ "ರನ್ ಹಾಕಿ ಬಂದೀನಿ, ಮುಂಜಾನೆ ನೋಡಬೇಕು" ಅಂದಳು. ಕಾಕಾ ಬೋರ್ಡಿನಿಂದ ತಲೆ ಎತ್ತಿ, "ಖರೇ ಗಾಡಿ ಗುದ್ದಿಸದ ಕಂಪ್ಯೂಟರಿಗೆ ಹೆಂಗ ಗೊತ್ತಾಗ್ತದವ್ವಾ?" ಅಂತ ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಉತ್ತರ ಮಾತ್ರ ಆ ಬೋರ್ಡಿನ ಮೇಲೇ ಇತ್ತು.

ಸ್ಟ್ರೈಕರ್ ಕೊಟ್ಟದ್ದು, ಕಾಯಿ ತಗೊಂಡದ್ದು

ಮೊದಲು ಒಂದೇ ಒಂದು ಪದ. ಶಾಲೆಯ ಪುಸ್ತಕದಲ್ಲಿ ಸಂವೇಗ ಅಂತ ಓದಿದ್ದೀರಿ, ಎಂಜಿನಿಯರ್‌ಗಳು ಮೊಮೆಂಟಮ್ ಅನ್ನುತ್ತಾರೆ. ವಸ್ತುವಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆ ಅದು. (ತೂಕ ಅಲ್ಲ, ದ್ರವ್ಯರಾಶಿ ಅನ್ನಬೇಕು. ನಾವು ಕಿರಾಣಿ ಅಂಗಡಿಯ ಅರ್ಥದಲ್ಲಿ ತೂಕ ಅಂತಲೇ ಹೇಳಿಕೊಳ್ಳೋಣ.) ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆ ಇಳಿಯುವ ಲೋಡ್ ಲಾರಿ ಮೆಲ್ಲಗೇ ಬರುತ್ತಿದ್ದರೂ ಯಾಕೆ ಭಯ ಹುಟ್ಟಿಸುತ್ತದೆ? ವೇಗ ಕಡಿಮೆ ಇದ್ದರೂ ತೂಕ ಜಾಸ್ತಿ. ಗುಣಿಸಿದಾಗ ಸಂಖ್ಯೆ ದೊಡ್ಡದೇ ಬರುತ್ತದೆ. ಇನ್ನೊಂದು ವಿಷಯ, ಸಂವೇಗಕ್ಕೆ ದಿಕ್ಕೂ ಇದೆ. ಎಡಕ್ಕೆ ಹೋಗುವುದನ್ನು ಕೂಡಿದರೆ ಬಲಕ್ಕೆ ಹೋಗುವುದನ್ನು ಕಳೆಯಬೇಕು.

ಎರಡು ವಸ್ತು ಡಿಕ್ಕಿಯಾದಾಗ ಒಂದು ಕಳಕೊಂಡಷ್ಟನ್ನೇ ಇನ್ನೊಂದು ಪಡೆಯುತ್ತದೆ. ಹೊರಗಿನಿಂದ ಯಾರೂ ಕೈ ಹಾಕದಿದ್ದರೆ ಒಟ್ಟು ಮೊತ್ತ ಬದಲಾಗುವುದಿಲ್ಲ. ಇಷ್ಟೇ ನಿಯಮ.

ಈಗ ಬೋರ್ಡಿಗೆ ಬನ್ನಿ. ಸ್ಟ್ರೈಕರ್ 15 ಗ್ರಾಂ, ಕಾಯಿ 5.5 ಗ್ರಾಂ. ಸ್ಟ್ರೈಕರ್ ಸೆಕೆಂಡಿಗೆ 100 ಸೆಂಟಿಮೀಟರ್ ವೇಗದಲ್ಲಿ ಬಂದು ಸುಮ್ನೆ ಕೂತಿದ್ದ ಕಾಯಿಗೆ ನೇರ ಬಡಿಯಿತು ಅನ್ನಿ. ಬಡಿಯುವ ಮುಂಚೆ ಸಂವೇಗ 15 ಗುಣಿಸು 100, ಅಂದರೆ 1500. ಡಿಕ್ಕಿಯಲ್ಲಿ ಏನೂ ಪೋಲಾಗದಿದ್ದರೆ ಕಾಯಿ ಸೆಕೆಂಡಿಗೆ ಸುಮಾರು 146 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ, ಸ್ಟ್ರೈಕರ್ 46ಕ್ಕೆ ಇಳಿಯುತ್ತದೆ. ಕಾಯಿಯದು 805, ಸ್ಟ್ರೈಕರಿನದು 695, ಕೂಡಿದರೆ ಅದೇ 1500. ಹೊಡೆದ ಸ್ಟ್ರೈಕರಿಗಿಂತ ಹೊಡೆತ ತಿಂದ ಕಾಯಿ ಜೋರು ಓಡುತ್ತದೆ. ಆಡುವವರಿಗೆಲ್ಲ ಇದು ಬೆರಳಲ್ಲೇ ಗೊತ್ತು.

ಆದರೆ ಬೋರ್ಡಿನಲ್ಲಿ ಪೋಲಾಗುತ್ತದೆ. ಆ 'ಟಕ್' ಅನ್ನುವ ಸದ್ದೇ ಸಾಕ್ಷಿ. ಸದ್ದಿಗೆ, ಶಾಖಕ್ಕೆ, ಒಳಗಿನ ನಡುಕಕ್ಕೆ ಒಂದಿಷ್ಟು ಶಕ್ತಿ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಒಂದು ಅಂಕ ಇದೆ. ಎರಡು ವಸ್ತು ಹತ್ತಿರ ಬಂದ ವೇಗಕ್ಕೆ ಹೋಲಿಸಿದರೆ ದೂರ ಸರಿದ ವೇಗ ಎಷ್ಟು ಪಾಲು ಅಂತ ಅದು ಹೇಳುತ್ತದೆ. ನಾವು ಪುಟಿತದ ಅಂಕ ಅಂತ ಕರೆಯೋಣ. ಪೂರ್ತಿ ಪುಟಿದರೆ 1, ಹಸಿ ಮಣ್ಣಿನ ಉಂಡೆಯ ಹಾಗೆ ಅಂಟಿಕೊಂಡುಬಿಟ್ಟರೆ 0. ಮೇಲಿನ ಲೆಕ್ಕದಲ್ಲಿ ಈ ಅಂಕವನ್ನು 0.8 ಅಂತ ಹಿಡಿದರೆ ಕಾಯಿ 132ಕ್ಕೆ ಇಳಿಯುತ್ತದೆ, ಸ್ಟ್ರೈಕರ್ 52ಕ್ಕೆ ಏರುತ್ತದೆ. ಒಟ್ಟು ಸಂವೇಗ ಆಗಲೂ 1500. ಚಲನೆಯ ಶಕ್ತಿ ಮಾತ್ರ ಹತ್ತಿರ ಹತ್ತಿರ ಶೇ. 10ರಷ್ಟು ಕಡಿಮೆಯಾಗಿರುತ್ತದೆ.

ಈ ಎರಡು ಸಾಲು ನೆನಪಿಡಿ. ಪುಟಿತದ ಅಂಕ 1 ಇರಲಿ, 0.8 ಇರಲಿ, ಸಂವೇಗದ ಮೊತ್ತ ಒಂದೇ. ಹಾಗಾಗಿ "ನಮ್ಮ ಸಾಫ್ಟ್‌ವೇರ್‌ನಲ್ಲಿ ಸಂವೇಗ ಸರಿ ಬರುತ್ತದೆ" ಅಂದರೆ ಪರೀಕ್ಷೆ ಮುಗಿಯಲಿಲ್ಲ. ಕಾಯಿ 146ರಲ್ಲಿ ಹೋದರೂ ಮೊತ್ತ ಸರಿ, 132ರಲ್ಲಿ ಹೋದರೂ ಸರಿ. ಸಾಫ್ಟ್‌ವೇರ್ ಎಡವುವುದು ಹಂಚಿಕೆಯಲ್ಲಿ.

ಮೊದಲು ಎಡವಿದ್ದು ಕಂಪ್ಯೂಟರ್ ಅಲ್ಲ

ಲೆಕ್ಕ ಹಾಕಿ ಡಿಕ್ಕಿಯನ್ನು ಊಹಿಸುವುದು, ಆಮೇಲೆ ನಿಜವಾದ ಗುಂಡುಗಳಿಂದ ತಾಳೆ ನೋಡುವುದು, ಇದು ಹಳೇ ಕಥೆ. 1644ರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್ ಡಿಕ್ಕಿಗೆ ಏಳು ನಿಯಮ ಬರೆದ. ಅದರಲ್ಲೊಂದು ಹೀಗಿತ್ತು: ನಿಂತಿರುವ ದೊಡ್ಡ ವಸ್ತುವನ್ನು ಸಣ್ಣ ವಸ್ತು ಎಷ್ಟೇ ವೇಗದಲ್ಲಿ ಬಂದು ಬಡಿದರೂ ಅಲ್ಲಾಡಿಸಲಾರದು. ಕಾಯಿಯನ್ನು ಚಿಮ್ಮಿ ಸ್ಟ್ರೈಕರಿಗೆ ಬಡಿಸಿ ನೋಡಿ. ಸ್ಟ್ರೈಕರ್ ಸರಿಯುತ್ತದೆ, ಅಲ್ವಾ?

1668ರ ಹೊತ್ತಿಗೆ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಈ ವಿಷಯ ಕೈಗೆತ್ತಿಕೊಂಡಿತು. ವಾಲಿಸ್, ರೆನ್, ಹೈಗೆನ್ಸ್ ಮೂವರೂ ತಮ್ಮ ತಮ್ಮ ಉತ್ತರ ಕಳಿಸಿದರು. ಹೈಗೆನ್ಸ್‌ನ ಯುಕ್ತಿ ನನಗೆ ಬಹಳ ಇಷ್ಟ. ದೋಣಿಯಲ್ಲಿ ನಿಂತವನೊಬ್ಬ ಎರಡು ಗುಂಡು ಡಿಕ್ಕಿ ಹೊಡೆಸುತ್ತಾನೆ, ದಡದಲ್ಲಿ ನಿಂತವನೊಬ್ಬ ನೋಡುತ್ತಾನೆ. ದೋಣಿ ಸಮವಾಗಿ ಸಾಗುತ್ತಿದ್ದರೆ ಇಬ್ಬರಿಗೂ ಕಾಣುವ ವೇಗಗಳು ಬೇರೆ, ಆದರೆ ನಡೆದ ಡಿಕ್ಕಿ ಒಂದೇ, ನಿಯಮವೂ ಒಂದೇ ಇರಬೇಕು. ದಾದರ್ ಬಿಟ್ಟು ಒಂದೇ ವೇಗದಲ್ಲಿ ಓಡುತ್ತಿರುವ ಲೋಕಲ್‌ನಲ್ಲಿ ಕೇರಂ ಆಡಿದರೂ ಮನೆಯಲ್ಲಿ ಆಡಿದ ಹಾಗೇ ಕಾಯಿ ಹೋಗಬೇಕು ಅನ್ನುವ ಮಾತು. ಲೋಕಲ್‌ನಲ್ಲಿ ಬೋರ್ಡ್ ಇಡಲು ಜಾಗ ಸಿಕ್ಕರೆ, ಅದು ಬೇರೆ ಪ್ರಶ್ನೆ.

ಆಮೇಲೆ ನ್ಯೂಟನ್. 1687ರ ಪ್ರಿನ್ಸಿಪಿಯಾದಲ್ಲಿ ಅವನು 10 ಅಡಿ ಉದ್ದದ ಲೋಲಕಗಳಿಗೆ ಗುಂಡು ಕಟ್ಟಿ ಡಿಕ್ಕಿ ಹೊಡೆಸಿದ ವಿವರ ಇದೆ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು ಬಂದ ವೇಗದ 9ರಲ್ಲಿ 5 ಪಾಲು ವೇಗದಲ್ಲಿ ದೂರ ಸರಿದವು, ಗಾಜಿನವು 16ರಲ್ಲಿ 15 ಪಾಲು. ನಮ್ಮ ಪುಟಿತದ ಅಂಕ ಇದೇ. ಆದರೆ ಈ ಸಂಖ್ಯೆಗಳಿಗಿಂತ ಚಂದ ಅವನ ಎಚ್ಚರಿಕೆ. ಲೋಲಕ ತೂಗುವಾಗ ಗಾಳಿಯೂ ಸ್ವಲ್ಪ ವೇಗ ತಿನ್ನುತ್ತದೆ ಅಲ್ವಾ? ಅದಕ್ಕೆ ಮೊದಲು ಡಿಕ್ಕಿಯೇ ಇಲ್ಲದೆ ಬರೀ ತೂಗಿಸಿ, ಗಾಳಿ ಎಷ್ಟು ತಿನ್ನುತ್ತದೆ ಅಂತ ಅಳೆದುಕೊಂಡ. ಅಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿಕೊಂಡು ಆಮೇಲೆ ಡಿಕ್ಕಿಯ ಮಾತಾಡಿದ. ಇವತ್ತು ಸಾಫ್ಟ್‌ವೇರ್ ಪರೀಕ್ಷಿಸುವವರಿಗೂ ಅದೇ ದಾರಿ. ಬೇರೆ ಬೇರೆ ಕಾರಣಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಎಲ್ಲ ಕಲಸಿ ಒಂದೇ ಸಲ ನೋಡಿದರೆ ತಪ್ಪು ಯಾರದು ಅಂತ ಗೊತ್ತೇ ಆಗುವುದಿಲ್ಲ.

ಕಂಪ್ಯೂಟರ್ ಡಿಕ್ಕಿಯನ್ನು ಹೇಗೆ ಕಾಣುತ್ತದೆ

ಸಿನಿಮಾ ರೀಲಿನ ಹಾಗೆ, ಕಂತು ಕಂತಾಗಿ. ಈಗ ಎಲ್ಲ ವಸ್ತು ಎಲ್ಲಿವೆ, ಎಷ್ಟು ವೇಗ ಇದೆ ಅಂತ ಬರೆದುಕೊಳ್ಳುತ್ತದೆ. ಒಂದು ಚೂರು ಸಮಯ ಮುಂದೆ ಜಿಗಿಯುತ್ತದೆ. ಮತ್ತೆ ಬರೆದುಕೊಳ್ಳುತ್ತದೆ. ಎರಡು ಜಿಗಿತದ ನಡುವೆ ಏನಾಯಿತು ಅಂತ ಅದಕ್ಕೆ ಕಾಣಿಸದು.

ಮೊಬೈಲ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಅಥವಾ 60 ಜಿಗಿತ. ಸ್ಟ್ರೈಕರ್ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹೋದರೆ ಒಂದು ಜಿಗಿತಕ್ಕೆ 10 ಸೆಂಟಿಮೀಟರ್ ದಾಟುತ್ತದೆ. ಕಾಯಿಯ ಅಗಲ ಬರೀ 3 ಸೆಂಟಿಮೀಟರ್ ಚಿಲ್ಲರೆ. ಒಂದು ಕಂತಿನಲ್ಲಿ ಸ್ಟ್ರೈಕರ್ ಕಾಯಿಯ ಈಚೆ, ಮುಂದಿನ ಕಂತಿನಲ್ಲಿ ಆಚೆ. ಡಿಕ್ಕಿ ಆಗಲೇ ಇಲ್ಲ! ಗೇಮ್ ಆಡುವ ಹುಡುಗರಿಗೆ ಗೊತ್ತು, ಕೆಲವು ಸಲ ಗುಂಡು ಗೋಡೆಯೊಳಗಿಂದ ತೂರಿ ಹೋಗುತ್ತದೆ. ಕಾರಣ ಇದೇ. ಇದನ್ನು ತಪ್ಪಿಸಲು ಒಳ್ಳೇ ಗೇಮ್‌ಗಳು ವಸ್ತು ಸಾಗುವ ದಾರಿಯನ್ನೆಲ್ಲ ಹುಡುಕಿ, ನಡುವೆ ಏನಾದರೂ ಅಡ್ಡ ಇದೆಯಾ ಅಂತ ನೋಡುತ್ತವೆ.

ಕಾರಿನ ಡಿಕ್ಕಿ ಬೇರೆಯೇ ಮಟ್ಟದ್ದು. ಅಲ್ಲಿ ತಗಡು ಮಡಚುತ್ತದೆ, ಹರಿಯುತ್ತದೆ. ಅದಕ್ಕೇ ಕಾರಿನ ತಗಡನ್ನೆಲ್ಲ ಕೆಲವೇ ಮಿಲಿಮೀಟರ್‌ನ ಹೆಂಚುಗಳಾಗಿ ತುಂಡು ಮಾಡುತ್ತಾರೆ. ಮೆಶ್ ಅನ್ನುವುದು ಇದನ್ನೇ. ಪ್ರತಿ ಹೆಂಚಿಗೂ ಲೆಕ್ಕ. ಹೆಂಚು 5 ಮಿಲಿಮೀಟರ್ ಇದ್ದರೆ ಒಂದು ಜಿಗಿತ ಎಷ್ಟು ಸಣ್ಣದಿರಬೇಕು? ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. ಒಂದು ಹೆಂಚು ದಾಟಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಸಾಕು. ಹೊಡೆತದ ಸುದ್ದಿ ಒಂದು ಹೆಂಚನ್ನು ದಾಟಿ ಮುಂದೆ ಹೋಗುವ ಮೊದಲೇ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಸಂಖ್ಯೆಗಳು ಹುಚ್ಚೆದ್ದು ಕುಣಿಯುತ್ತವೆ. ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮುಗಿಯುವ ಡಿಕ್ಕಿಗೆ ಹೀಗೆ ಒಂದು ಲಕ್ಷ ಜಿಗಿತ ಬೇಕಾಗುತ್ತದೆ. ಅದಕ್ಕೇ ಎದುರು ಮನೆ ಹುಡುಗಿ ರನ್ ಹಾಕಿ ಮನೆಗೆ ಬರುವುದು. ಈ ಬಗೆಯ ಸಾಫ್ಟ್‌ವೇರ್‌ಗಳ ಹಿರಿಯಜ್ಜ ಡೈನಾ3ಡಿ. 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದದ್ದು. ಎಲ್‌ಎಸ್-ಡೈನಾ ಅದರ ಕುಡಿ.

ಗಾಡಿ ಮುಟ್ಟದೆ ಮಾಡುವ ಪರೀಕ್ಷೆ

ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಇವೆ. ಕೂಡು-ಕಳೆ ಸರಿಯಾಗಿ ಮಾಡಿದೆಯಾ ಅನ್ನುವುದು ಒಂದು. ಮಾಡಿದ ಲೆಕ್ಕ ಈ ಲೋಕದ್ದೇನಾ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂತ ತಿಳಿಯುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದಕ್ಕೆ ಪೆನ್ನು ಕಾಗದ ಸಾಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಡಿ. ಒಂದೇ ತೂಕದ ಎರಡು ನುಣುಪು ಕಾಯಿ, ಒಂದು ನಿಂತಿದೆ, ಇನ್ನೊಂದು ಓರೆಯಾಗಿ ಬಂದು ಬಡಿಯುತ್ತದೆ, ಪುಟಿತದ ಅಂಕ 1. ಆಮೇಲೆ ಎರಡೂ ಹೋಗುವ ದಾರಿಗಳ ನಡುವೆ ಸರಿಯಾಗಿ 90 ಡಿಗ್ರಿ ಇರಬೇಕು. ಅಂಕ 1ಕ್ಕಿಂತ ಕಡಿಮೆ ಮಾಡಿದರೆ ಕೋನವೂ ಕಿರಿದಾಗಬೇಕು. ಸಾಫ್ಟ್‌ವೇರ್ 84 ಅಂತ ತೋರಿಸಿದರೆ, ಅಂಕ 1 ಅಂತ ಬರೆದಿದ್ದರೂ ಒಳಗೆಲ್ಲೋ ಶಕ್ತಿ ಸೋರುತ್ತಿದೆ.

ಇನ್ನು ಜಿಗಿತದ ಸಮಯವನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ ನೋಡುತ್ತಾರೆ. ಉತ್ತರ ಒಂದು ಕಡೆ ನಿಲ್ಲುತ್ತಾ ಬರಬೇಕು. ಪ್ರತಿ ಸಲ ಬೇರೆ ಉತ್ತರ ಬಂದರೆ ಅದು ಡಿಕ್ಕಿಯ ಗುಣ ಅಲ್ಲ, ನಾವು ಆರಿಸಿಕೊಂಡ ಜಿಗಿತದ ಗುಣ.

ಹೈಗೆನ್ಸ್‌ನ ದೋಣಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೋರ್ಡಿನ ಘರ್ಷಣೆ ತೆಗೆದುಹಾಕಿ, ಎಲ್ಲ ವಸ್ತುಗಳಿಗೂ ಒಂದೇ ದಿಕ್ಕಿನಲ್ಲಿ ಒಂದಿಷ್ಟು ವೇಗ ಸೇರಿಸಿ ಮತ್ತೆ ಓಡಿಸಿ. ಆಮೇಲೆ ಆ ವೇಗ ಕಳೆದರೆ ಹಳೇ ಉತ್ತರವೇ ಸಿಗಬೇಕು. ಎಷ್ಟೋ ಗೇಮ್ ಎಂಜಿನ್‌ಗಳು ಈ ಪರೀಕ್ಷೆಯಲ್ಲಿ ಬೀಳಬಹುದು. ಯಾಕೆಂದರೆ ವಸ್ತುಗಳು ತಾನಾಗಿ ನಿಧಾನ ಆಗಲಿ ಅಂತ ಅವುಗಳಲ್ಲಿ ಒಂದು ಸಣ್ಣ ಎಳೆತ ಇಟ್ಟಿರುತ್ತಾರೆ. ಆಟಕ್ಕೆ ಅದು ಚೆನ್ನ. ಅಳತೆಗೆ ಅಲ್ಲ.

ಕಾರಿನ ಸಾಫ್ಟ್‌ವೇರ್‌ನಲ್ಲಿ ಶಕ್ತಿಯ ಜಮಾ-ಖರ್ಚು ನೋಡುವುದು ದಿನದ ಕೆಲಸ. ಬಡಿಯುವ ಮುಂಚೆ ಇದ್ದ ಚಲನೆಯ ಶಕ್ತಿ ಆಮೇಲೆ ತಗಡು ಮಡಚಲು ಎಷ್ಟು ಹೋಯಿತು, ಘರ್ಷಣೆಗೆ ಎಷ್ಟು, ಉಳಿದ ಚಲನೆ ಎಷ್ಟು. ಎಲ್ಲ ಕೂಡಿದರೆ ಮೊದಲಿನ ಮೊತ್ತ ಬರಬೇಕು. ಒಂದು ಕಳ್ಳ ದಾರಿಯೂ ಇದೆ. ಬಹಳ ಸಣ್ಣ ಹೆಂಚುಗಳು ಜಿಗಿತವನ್ನು ಸಣ್ಣದು ಮಾಡಿ ರನ್ ನಿಧಾನ ಮಾಡುತ್ತವೆ. ಆಗ ಅಂಥ ಹೆಂಚುಗಳಿಗೆ ಸುಳ್ಳು ತೂಕ ಸೇರಿಸಿದರೆ ರನ್ ಬೇಗ ಮುಗಿಯುತ್ತದೆ. ಚೂರೇ ಚೂರು ಸೇರಿಸಿದರೆ ನಡೆಯುತ್ತದೆ, ಎಲ್ಲರೂ ಮಾಡುತ್ತಾರೆ. ಜಾಸ್ತಿಯಾದರೆ ಕಾರೇ ಭಾರವಾಗಿಬಿಡುತ್ತದೆ, ಅದರ ಜೊತೆ ಸಂವೇಗವೂ. "ಮೊದಲು ಎಷ್ಟು ಮಾಸ್ ಸೇರಿಸ್ಯಾರ ಅಂತ ನೋಡ್ತೀನಿ, ಆಮೇಲೆ ಉಳಿದದ್ದು" ಅಂತ ಹುಡುಗಿ ಹೇಳಿದ್ದು ಇದನ್ನೇ.

ಸ್ಟೂಲಿನ ಮೇಲೆ ಮೊಬೈಲ್

ಎರಡನೇ ಪ್ರಶ್ನೆಗೆ ಮಾತ್ರ ನಿಜವಾದ ಡಿಕ್ಕಿ ಬೇಕೇ ಬೇಕು. ಮರುದಿನ ಭಾನುವಾರ ನಾವು ಮನೆಯಲ್ಲೇ ಕೈ ಹಾಕಿದೆವು.

ಎರಡು ಸ್ಟೂಲಿನ ಮೇಲೆ ಹಲಗೆ, ಹಲಗೆಯ ಅಂಚಿಗೆ ಕೆಳಮುಖವಾಗಿ ಮೊಬೈಲ್, ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ. ಬೋರ್ಡಿನ ಮೇಲೆ ಒಂದು ಸ್ಕೇಲ್. ಮೊದಲ ವಿಡಿಯೊ ದಂಡ. ಓರೆಯಿಂದ ತೆಗೆದಿದ್ದರಿಂದ ಆಚೆ ತುದಿಯ ಸೆಂಟಿಮೀಟರ್ ಈಚೆಯದಕ್ಕಿಂತ ಗಿಡ್ಡ ಕಾಣುತ್ತಿತ್ತು. ಕ್ಯಾಮೆರಾ ನೆತ್ತಿಯ ಮೇಲೇ ಇರಬೇಕು. ಎರಡನೆಯದರಲ್ಲಿ ಬೆಳಕು ಸಾಲದೆ ಸ್ಟ್ರೈಕರ್ ಬಾಲ ಬಿಟ್ಟ ಹಾಗೆ ಮಸುಕು. ಬಾಲ್ಕನಿ ಬಾಗಿಲಿಗೆ ಬೋರ್ಡ್ ಎಳೆದೆವು. ಮೂರನೆಯದರಲ್ಲಿ ಕಾಕಾನ ಮೊಮ್ಮಗ ಪೌಡರ್ ಡಬ್ಬಿ ಪೂರ್ತಿ ಸುರಿದಿದ್ದ. ಅದನ್ನು ಒರೆಸಿ ಮತ್ತೆ ಶುರು.

ಲೆಕ್ಕ ಸುಲಭ. ಕಾಯಿ ಸೆಕೆಂಡಿಗೆ 120 ಸೆಂಟಿಮೀಟರ್ ಓಡಿದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ 5 ಮಿಲಿಮೀಟರ್ ಸರಿಯುತ್ತದೆ. ನಮ್ಮ ಕಣ್ಣಿನ ಅಳತೆ 1 ಮಿಲಿಮೀಟರ್ ಆಚೀಚೆ ಆಗುತ್ತದೆ ಅನ್ನಿ. ಎರಡೇ ಚಿತ್ರ ಹಿಡಿದು ವೇಗ ಹೇಳಿದರೆ 5ರಲ್ಲಿ 1, ಅಂದರೆ ಶೇ. 20 ತಪ್ಪಾಗಬಹುದು. ಹತ್ತು ಚಿತ್ರಗಳ ದೂರ ಅಳೆದರೆ 50ರಲ್ಲಿ 1, ಶೇ. 2 ಮಾತ್ರ. ಹಾಗಂತ ನೂರು ಚಿತ್ರ ಹಿಡಿಯುವ ಹಾಗೂ ಇಲ್ಲ. ಅಷ್ಟರಲ್ಲಿ ಬೋರ್ಡಿನ ಘರ್ಷಣೆ ಕಾಯಿಯನ್ನು ನಿಧಾನ ಮಾಡಿರುತ್ತದೆ. ಬಡಿದ ಕೂಡಲೇ ಇದ್ದ ವೇಗ ನಮಗೆ ಬೇಕಾದದ್ದು.

ಹಾಗಾಗಿ ಘರ್ಷಣೆಯನ್ನು ಬೇರೆ ಅಳೆಯಬೇಕು, ನ್ಯೂಟನ್ ಗಾಳಿಯನ್ನು ಅಳೆದ ಹಾಗೆ. ಒಂದೇ ಕಾಯಿ ಚಿಮ್ಮಿ, ಯಾವುದಕ್ಕೂ ತಾಗದೆ ನಿಲ್ಲಲು ಬಿಡಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೊರಟದ್ದು ಅರ್ಧ ಮೀಟರ್ ಹೋಗಿ ನಿಂತರೆ ಘರ್ಷಣೆಯ ಅಂಕ ಸುಮಾರು 0.1 ಬರುತ್ತದೆ. ಪೌಡರ್ ಹಾಕಿದ ಮೇಲೆ ಮತ್ತೆ ಅಳೆದರೆ ಬೇರೆ. ಸಾಫ್ಟ್‌ವೇರ್‌ಗೆ ಇದೊಂದು ಸಂಖ್ಯೆ ತಪ್ಪು ಕೊಟ್ಟರೆ, ಡಿಕ್ಕಿಯ ಲೆಕ್ಕ ಸರಿ ಇದ್ದರೂ ಕಾಯಿ ನಿಲ್ಲುವ ಜಾಗ ತಪ್ಪುತ್ತದೆ. ಜನ ಆಗ ಡಿಕ್ಕಿಯನ್ನು ಬೈಯುತ್ತಾರೆ.

ಪುಟಿತದ ಅಂಕ ಅಳೆಯಲು ಇನ್ನೂ ಸುಲಭದ ದಾರಿ ಇದೆ, ಕಣ್ಣೂ ಬೇಡ, ಕಿವಿ ಸಾಕು. ಟೇಬಲ್ ಟೆನಿಸ್ ಚೆಂಡನ್ನು ಗಟ್ಟಿ ನೆಲಕ್ಕೆ ಬಿಟ್ಟು ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಟಪ್, ಟಪ್, ಟಪ್. ಒಂದು ಟಪ್‌ನಿಂದ ಇನ್ನೊಂದಕ್ಕೆ ಇರುವ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ. ಎರಡನೇ ಅಂತರವನ್ನು ಮೊದಲನೇ ಅಂತರದಿಂದ ಭಾಗಿಸಿ. ಬಂದದ್ದೇ ಪುಟಿತದ ಅಂಕ. ಈ ಆಟದ ನಿಯಮದ ಪ್ರಕಾರ 30.5 ಸೆಂಟಿಮೀಟರ್ ಎತ್ತರದಿಂದ ಉಕ್ಕಿನ ದಿಮ್ಮಿಯ ಮೇಲೆ ಬಿಟ್ಟ ಚೆಂಡು 24ರಿಂದ 26 ಸೆಂಟಿಮೀಟರ್ ಪುಟಿಯಬೇಕು. ಅಂದರೆ ಅಂಕ ಸುಮಾರು 0.9. ನಿಮ್ಮ ರೆಕಾರ್ಡಿಂಗ್‌ನಲ್ಲಿ ಮೊದಲ ಅಂತರ 0.45 ಸೆಕೆಂಡ್ ಇದ್ದರೆ ಎರಡನೆಯದು 0.41ರ ಹತ್ತಿರ ಇರಬೇಕು.

ಒಂದು ತೊಡಕು ಹೇಳಿಬಿಡುತ್ತೇನೆ. ಪುಟಿತದ ಅಂಕ ಕಲ್ಲಲ್ಲಿ ಕೆತ್ತಿದ್ದಲ್ಲ. ಮೆಲ್ಲಗೆ ಬಡಿದರೆ ಒಂದು, ಜೋರಾಗಿ ಬಡಿದರೆ ಇನ್ನೊಂದು, ಸಾಮಾನ್ಯವಾಗಿ ಕಡಿಮೆ. ಒಂದೇ ಸಂಖ್ಯೆ ತುಂಬಿ ಎಲ್ಲ ವೇಗಕ್ಕೂ ಓಡಿಸುವ ಸಾಫ್ಟ್‌ವೇರ್ ಯಾವುದೋ ಒಂದು ವೇಗದಲ್ಲಿ ಮಾತ್ರ ಸರಿ ಇರುತ್ತದೆ. ಓರೆ ಹೊಡೆತದಲ್ಲಿ ಇನ್ನೊಂದು ಗೋಳು. ಅಂಚು ಅಂಚಿಗೆ ಉಜ್ಜಿ ಕಾಯಿ ಬುಗುರಿಯ ಹಾಗೆ ತಿರುಗುತ್ತದೆ. ಆ ತಿರುಗುವಿಕೆಗೂ ಒಂದು ಪಾಲು ಶಕ್ತಿ ಹೋಗಿರುತ್ತದೆ.

ಹತ್ತೊಂಬತ್ತು ಕಾಯಿ ಒಟ್ಟಿಗೆ

ಎರಡು ಕಾಯಿ ಆಯಿತು. ಈಗ ಬ್ರೇಕ್, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತ. ಒಂಬತ್ತು ಬಿಳಿ, ಒಂಬತ್ತು ಕಪ್ಪು, ನಡುವೆ ರಾಣಿ. ಎಲ್ಲ ಒತ್ತೊತ್ತಾಗಿ.

ಇಲ್ಲಿ ನಿಯಮಗಳೇ ಕೈಕೊಡುತ್ತವೆ. ಇಬ್ಬರ ಡಿಕ್ಕಿಗೆ ಸಂವೇಗದ ಒಂದು ಸಮೀಕರಣ, ಪುಟಿತದ ಒಂದು ಸಮೀಕರಣ, ಗೊತ್ತಿಲ್ಲದ ವೇಗಗಳು ಎರಡು. ಉತ್ತರ ಒಂದೇ. ಮೂವರು ಒಮ್ಮೆಲೇ ತಾಗಿಕೊಂಡಿದ್ದರೆ ಅಷ್ಟೇ ಸಮೀಕರಣಗಳಿಗೆ ಹಲವು ಉತ್ತರ ಸಾಧ್ಯ. ಸಾಲಾಗಿ ದಾರದಲ್ಲಿ ತೂಗುಬಿಟ್ಟ ಉಕ್ಕಿನ ಗುಂಡುಗಳ ಆಟಿಕೆ ನೋಡಿರುತ್ತೀರಿ. ಒಂದು ಬಿಟ್ಟರೆ ಆ ತುದಿಯಿಂದ ಒಂದೇ ಹಾರುತ್ತದೆ. ಇದನ್ನೇ ಎಷ್ಟೋ ಗೇಮ್ ಎಂಜಿನ್‌ಗಳಲ್ಲಿ ಮಾಡಿದರೆ ಎರಡು ಮೂರು ಗುಂಡು ಒಟ್ಟಿಗೆ ಮೆಲ್ಲಗೆ ಏಳುತ್ತವೆ. ಸಂವೇಗದ ಮೊತ್ತ ಸರಿಯೇ ಇರುತ್ತದೆ, ಹಂಚಿಕೆ ತಪ್ಪು. ನಿಜವಾದ ಗುಂಡುಗಳು ತಾಗಿದಾಗ ಕೂದಲೆಳೆಯಷ್ಟು ಒತ್ತಿಕೊಂಡು ಸ್ಪ್ರಿಂಗಿನ ಹಾಗೆ ತಳ್ಳುತ್ತವೆ. ಆ ಒತ್ತಡ ಒಂದರಿಂದ ಒಂದಕ್ಕೆ ಅಲೆಯಾಗಿ ಸಾಗುತ್ತದೆ. ಆ ಕ್ಷಣವನ್ನು ನುಂಗಿಬಿಟ್ಟ ಸಾಫ್ಟ್‌ವೇರ್‌ಗೆ ಅಲೆ ಕಾಣುವುದಿಲ್ಲ.

ಬ್ರೇಕ್‌ನಲ್ಲಿ ಕಾಯಿಗಳ ನಡುವೆ ಕಾಗದದಷ್ಟು ಸಂದು ಇದ್ದರೂ ಆಟ ಬೇರೆ. ಕೈಯಲ್ಲಿ ಅದೇ ಹೊಡೆತ ಎರಡು ಸಲ ಹೊಡೆಯಲು ಯಾರಿಗೂ ಆಗದು. ಹಾಗಾಗಿ "ಪರದೆಯಲ್ಲಿ ರಾಣಿ ಇಲ್ಲಿ ಹೋಯಿತು, ಬೋರ್ಡಿನಲ್ಲಿ ಅಲ್ಲಿ ಹೋಯಿತು" ಅಂತ ಸಾಫ್ಟ್‌ವೇರ್ ಬಿಸಾಕುವಂತಿಲ್ಲ. ಬಹಳ ಸಲ ಹೊಡೆದು, ಕಾಯಿಗಳು ಎಷ್ಟು ದೂರ ಚದುರುತ್ತವೆ, ಯಾವ ಕಡೆ ಜಾಸ್ತಿ ಹೋಗುತ್ತವೆ ಅಂತ ನೋಡಬೇಕು. ಅತ್ತ ಪರದೆಯಲ್ಲೂ ಸಂದುಗಳನ್ನು ಚೂರು ಚೂರು ಬದಲಿಸಿ ಅಷ್ಟೇ ಸಲ ಓಡಿಸಬೇಕು. ಹೋಲಿಸುವುದು ಚದುರಿದ ರೀತಿಯನ್ನು.

ಕ್ಷುದ್ರಗ್ರಹಕ್ಕೆ ಕೊಟ್ಟ ಗುದ್ದು

ಮನೆಯಲ್ಲಿ ಮಾಡಿದ್ದು ಸಣ್ಣ ಮಟ್ಟದ್ದು ಅನ್ನಿಸಿದರೆ ಒಂದು ದೊಡ್ಡದು ನೋಡಿ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಅನ್ನುವ ಸುಮಾರು 160 ಮೀಟರ್ ಅಗಲದ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ನೌಕೆಯ ತೂಕ ಸುಮಾರು 580 ಕಿಲೊ, ವೇಗ ಸೆಕೆಂಡಿಗೆ 6 ಕಿಲೊಮೀಟರ್‌ಗಿಂತ ಜಾಸ್ತಿ. ಡೈಮಾರ್ಫಸ್ ತನ್ನ ದೊಡ್ಡ ಜೊತೆಗಾರನನ್ನು ಸುತ್ತಲು 11 ಗಂಟೆ 55 ನಿಮಿಷ ತಗೊಳ್ಳುತ್ತಿತ್ತು. 73 ಸೆಕೆಂಡ್ ಕಡಿಮೆಯಾದರೂ ಗೆದ್ದಂತೆ ಅಂದುಕೊಂಡಿದ್ದರು. ಕಡಿಮೆಯಾದದ್ದು ಅರ್ಧ ಗಂಟೆಗೂ ಜಾಸ್ತಿ.

ನಿಯಮ ಮುರಿಯಿತಾ? ಇಲ್ಲ. ಬಡಿದ ಹೊಡೆತಕ್ಕೆ ಕಲ್ಲು ಮಣ್ಣು ಹಿಂದಕ್ಕೆ ಸಿಡಿಯಿತು. ಗಾಳಿ ತುಂಬಿದ ಬಲೂನಿನ ಬಾಯಿ ಬಿಟ್ಟರೆ ಹೇಗೋ ಹಾಗೆ, ಸಿಡಿದದ್ದು ಹಿಂದೆ ಹೋದಷ್ಟೂ ಕ್ಷುದ್ರಗ್ರಹ ಮುಂದೆ ತಳ್ಳಿಸಿಕೊಂಡಿತು. ನೌಕೆ ಒಂದೇ ಕೊಡಬಲ್ಲದ್ದಕ್ಕಿಂತ ಸುಮಾರು 3.6 ಪಟ್ಟು ತಳ್ಳು ಸಿಕ್ಕಿತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕ್ಷುದ್ರಗ್ರಹದ ಸಾಂದ್ರತೆಯನ್ನು ಇಷ್ಟು ಅಂತ ಅಂದಾಜು ಮಾಡಿಕೊಂಡು ಬಂದ ಸಂಖ್ಯೆ ಅದು. ಮುಂಚೆ ಕಂಪ್ಯೂಟರ್‌ನಲ್ಲಿ ಗುದ್ದಿಸಿ ನೋಡಿದ ಸಿಮ್ಯುಲೇಶನ್‌ಗಳು ಒಂದೇ ಉತ್ತರ ಕೊಟ್ಟಿರಲಿಲ್ಲ. ಮೇಲ್ಮೈ ಗಟ್ಟಿಯೋ ಸಡಿಲವೋ ಅನ್ನುವುದರ ಮೇಲೆ ಉತ್ತರ ಹಿಗ್ಗಿ ಕುಗ್ಗುತ್ತಿತ್ತು. ಅದನ್ನು ಹತ್ತಿರದಿಂದ ನೋಡಲು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿತು. ಗುದ್ದಿದ್ದು ಒಬ್ಬರು, ತಾಳೆ ನೋಡಲು ಹೋದವರು ಇನ್ನೊಬ್ಬರು.

ಇನ್ನು ಕಾಕಾನ ಕಾರು

ಮೊದಲು ಅವರ ಅನುಮಾನ ಪರಿಹಾರ. ಭಾರತ್ ಎನ್‌ಕ್ಯಾಪ್‌ನಲ್ಲಿ ನಿಜವಾದ ಕಾರನ್ನೇ ಗುದ್ದಿಸುತ್ತಾರೆ. ಮುಂದಿನಿಂದ ಗಂಟೆಗೆ 64 ಕಿಲೊಮೀಟರ್ ವೇಗದಲ್ಲಿ, ಕಾರಿನ ಅಗಲದ ಶೇ. 40 ಮಾತ್ರ ತಾಗುವ ಹಾಗೆ, ಜೇನುಗೂಡಿನಂಥ ಅಲ್ಯೂಮಿನಿಯಂ ಅಡ್ಡಗೋಡೆಗೆ. ಪಕ್ಕದಿಂದ 50ರ ವೇಗದ ಹೊಡೆತ ಬೇರೆ. ಕಂಬಕ್ಕೆ ಪಕ್ಕದಿಂದ ಬಡಿಸುವುದು 29ರಲ್ಲಿ. ಒಳಗೆ ಮನುಷ್ಯರ ಬದಲು ಡಮ್ಮಿಗಳು.

ಸಿಮ್ಯುಲೇಶನ್ ಬರುವುದು ಅದಕ್ಕೂ ಮುಂಚೆ, ಕಾರು ಇನ್ನೂ ಕಾಗದದ ಮೇಲಿರುವಾಗ. ತಗಡಿನ ದಪ್ಪ ಬದಲಿಸಿ ನೋಡು, ವೆಲ್ಡ್ ಬೇರೆ ಕಡೆ ಹಾಕಿ ನೋಡು. ಪ್ರತಿಯೊಂದಕ್ಕೂ ಒಂದು ಕಾರು ಪುಡಿ ಮಾಡಲು ಯಾರಿಂದಲೂ ಆಗದು. ಪುಣೆಯಲ್ಲಿ ಇಂಥ ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ. ನಿಜವಾದ ಪರೀಕ್ಷೆಗಳಿಗೆ 1966ರಲ್ಲಿ ಹುಟ್ಟಿದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ನಮ್ಮ ಕೋಥ್ರೂಡ್ ಪಕ್ಕದ ಗುಡ್ಡದ ಮೇಲೇ ಇದೆ.

ತಾಳೆ ನೋಡುವುದನ್ನು ಈ ಜನ ಕೋರಿಲೇಶನ್ ಅನ್ನುತ್ತಾರೆ. "ಕೋರಿಲೇಶನ್ ಆತೇನು?" ಅಂದರೆ ಟೆಸ್ಟ್‌ಗೂ ರನ್‌ಗೂ ಹೊಂದಿತಾ ಅಂತ. ಅದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ತಗಡಿನ ಒಂದು ಪಟ್ಟಿಯನ್ನು ಎಳೆದು ಹರಿಯುತ್ತಾರೆ, ನಿಧಾನವಾಗಿಯೂ ಜೋರಾಗಿಯೂ, ಯಾಕೆಂದರೆ ಜೋರಾಗಿ ಎಳೆದಾಗ ಉಕ್ಕು ಜಾಸ್ತಿ ಗಟ್ಟಿಯಾಗಿ ವರ್ತಿಸುತ್ತದೆ. ಆಮೇಲೆ ಬಂಪರ್ ಹಿಂದಿನ ಪೆಟ್ಟಿಗೆಯಂಥ ಭಾಗದ ಮೇಲೆ ಭಾರ ಬೀಳಿಸುತ್ತಾರೆ. ಕೊನೆಗೆ ಇಡೀ ಕಾರು. ಡಿಕ್ಕಿಯಲ್ಲಿ ಸೆಕೆಂಡಿಗೆ 1000 ಚಿತ್ರದ ಕ್ಯಾಮೆರಾಗಳು, ಕಾರಿನ ಮೈಯಲ್ಲೂ ಡಮ್ಮಿಯ ಮೈಯಲ್ಲೂ ಸೆನ್ಸರ್‌ಗಳು. ಸೆನ್ಸರಿನ ಗೆರೆಯನ್ನೂ ಕಂಪ್ಯೂಟರಿನ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ತುದಿ ಒಂದೇ ಎತ್ತರಕ್ಕೆ ಮುಟ್ಟಿದರೆ ಸಾಲದು, ಒಂದೇ ಹೊತ್ತಿಗೆ ಮುಟ್ಟಬೇಕು.

ಒಂದು ಅಂದಾಜು ಮಾಡೋಣ. ಗಂಟೆಗೆ 64 ಕಿಲೊಮೀಟರ್ ಅಂದರೆ ಸೆಕೆಂಡಿಗೆ 17.8 ಮೀಟರ್. ಮೂತಿ 60 ಸೆಂಟಿಮೀಟರ್ ಮಡಚಿ ಕಾರು ನಿಂತಿತು ಅನ್ನಿ. ಸರಾಸರಿ ಎಳೆತ ಭೂಮಿಯ ಗುರುತ್ವದ ಸುಮಾರು 27 ಪಟ್ಟು, ಸಮಯ ಸೆಕೆಂಡಿನ ಹದಿನೈದನೇ ಒಂದು ಪಾಲು. ಮೂತಿ ಕಲ್ಲಿನಂತೆ ಗಟ್ಟಿ ಇದ್ದು 20 ಸೆಂಟಿಮೀಟರ್ ಮಾತ್ರ ಮಡಚಿದ್ದರೆ ಆ 27 ಹೋಗಿ 80 ದಾಟುತ್ತಿತ್ತು. "ಈಗಿನ ಗಾಡಿ ಮೂತಿ ಪುಸಕ್ ಅಂತ ಹೋಗ್ತದ" ಅನ್ನುವವರಿಗೆ ಇದೇ ಉತ್ತರ. ಮೂತಿ ಮಡಚಬೇಕು, ನಾವು ಕೂತಿರುವ ಡಬ್ಬ ಮಡಚಬಾರದು.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಟೆಸ್ಟ್ ನೋಡಿಕೊಂಡು ಘರ್ಷಣೆಯ ಅಂಕ ಸ್ವಲ್ಪ ಏರಿಸಿ, ವೆಲ್ಡಿನ ಬಲ ಸ್ವಲ್ಪ ಇಳಿಸಿ, ಗೆರೆಗಳು ಕೂಡುವ ತನಕ ತಿರುಪು ತಿರುಗಿಸಿದರೆ ಯಾವ ರನ್ ಆದರೂ ಹೊಂದಿಕೊಳ್ಳುತ್ತದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸಿಕ್ಕ ಹಾಗೆ. ಅದಕ್ಕೇ ಒಂದು ಟೆಸ್ಟ್‌ನಿಂದ ಹೊಂದಿಸಿದ ಮಾದರಿಯನ್ನು ಅದು ನೋಡಿರದ ಇನ್ನೊಂದು ಟೆಸ್ಟ್‌ಗೆ ಕೂರಿಸುತ್ತಾರೆ. ಬೇರೆ ವೇಗ, ಬೇರೆ ಕೋನ. ಅಲ್ಲೂ ಹೊಂದಿದರೆ ನಂಬಿಕೆ.

ಕಾಕಾ ಇಷ್ಟೂ ಕೇಳಿಸಿಕೊಂಡರು. ಬ್ರೋಷರ್ ಮಡಚಿಟ್ಟು, "ಅರವತ್ನಾಕರಾಗ ಗುದ್ಸತಾರಂದ್ರ, ನಾವು ಹುಬ್ಬಳ್ಳಿಗೆ ಹೋಗೂಮುಂದ ನೂರರಾಗ ಹೋಗ್ತೀವಲ್ಲಾ?" ಅಂದರು.

ಮಗಳು ಮೊಬೈಲ್‌ನಲ್ಲಿ ಲೆಕ್ಕ ಹಾಕಿದಳು. ಚಲನೆಯ ಶಕ್ತಿ ಹೋಲಿಸಲು ವೇಗವನ್ನು ಅದೇ ವೇಗದಿಂದ ಗುಣಿಸಬೇಕು. ನೂರರಲ್ಲಿ ಅರವತ್ನಾಲ್ಕರದ್ದಕ್ಕಿಂತ 2.4 ಪಟ್ಟು ಶಕ್ತಿ. ಆ ಸ್ಟಾರ್ ಬಂದದ್ದು ನೂರರಲ್ಲಿ ಗುದ್ದಿಸಿ ಅಲ್ಲ.

"ಹಂಗಾರ ಎಂಬತ್ತರಾಗ ಹೋಗೂಣು."

"ಎಂಬತ್ತಕ್ಕೂ ಒಂದೂವರಿ ಪಟ್ಟು ಅದ ಅಪ್ಪಾ" ಅಂದಳು, ಸ್ಟ್ರೈಕರ್ ಗೆರೆಯ ಮೇಲೆ ಇಡುತ್ತಾ.